ದರ ಏರಿಸಿಲ್ಲ, ಆದರೂ ಜಾಸ್ತಿ

ಮನೆ ಕಂದಾಯದ ಬಿಲ್ಲನ್ನು ಜನ ಓದುವ ಕ್ರಮವೇ ಬೇರೆ. ಮೊದಲು ಕಣ್ಣು ಹೋಗುವುದು ಕೆಳಗಿರುವ ಒಟ್ಟು ಮೊತ್ತಕ್ಕೆ. ಆಮೇಲೆ ಕಟ್ಟಬೇಕಾದ ಕೊನೆಯ ದಿನಕ್ಕೆ. ಅದಾದ ಮೇಲೆ, ಹೆಸರಿನಲ್ಲಿ ಅಕ್ಷರ ತಪ್ಪಿಲ್ಲ ತಾನೇ ಅಂತ ಒಂದು ನೋಟ. ನಡುವಿನ ಸಾಲುಗಳ ಕಡೆಗೆ ಯಾರೂ ಹೋಗುವುದಿಲ್ಲ. ತೆರಿಗೆಗೆ ಒಳಪಡುವ ಮೌಲ್ಯ, ಸವಕಳಿ, ಉಪಕರ, ಹಿಂಬಾಕಿ. ಓದಿದವರಿಗೂ ತಿಳಿಯದಿರಲಿ ಅಂತಲೇ ಬರೆದ ಹಾಗಿರುತ್ತವೆ. ಬಿಲ್ಲು ಹಿಡಿದು ನಿಂತವರನ್ನು ಒಳಗಿನಿಂದ ಯಾರೋ ಕೇಳುತ್ತಾರೆ.

"ಹೋದ ವರ್ಷಕ್ಕಿಂತ ಜಾಸ್ತಿನಾ?"

"ಹೂಂ, ಜಾಸ್ತಿ."

"ಯಾಕಂತೆ?"

ಬಿಲ್ಲಿನಲ್ಲಿ ಎಲ್ಲದಕ್ಕೂ ಒಂದೊಂದು ಕಾಲಂ ಇದೆ. ಈ "ಯಾಕಂತೆ"ಗೆ ಮಾತ್ರ ಇಲ್ಲ.

ಸಂಬಳದ ಮೇಲಿನ ತೆರಿಗೆ ದುಡ್ಡು ಕೈಗೆ ಬರುವ ಮುಂಚೆಯೇ ಕಟ್ ಆಗಿರುತ್ತದೆ. ಸಾಮಾನಿನ ತೆರಿಗೆ ಬೆಲೆಯೊಳಗೇ ಸೇರಿಕೊಂಡಿರುತ್ತದೆ. ಮನೆ ಕಂದಾಯ ಮಾತ್ರ ಬಾಗಿಲಿಗೇ ಬಂದು ಹೆಸರು ಹಿಡಿದು ಕರೆಯುತ್ತದೆ. ಅದರ ಮೇಲೆ ಇಷ್ಟು ಸಿಟ್ಟು ಅದಕ್ಕೇ ಇರಬೇಕು. ಮನೆ ಪಾಡಿಗೆ ಮನೆ ಸುಮ್ನೆ ನಿಂತಿದೆ. ಬೆಲೆ ಏರಿದೆ ಅಂತಾರೆ. ಏರಿದ್ದರೆ ಏರಲಿ, ನಾವೇನು ಮಾರಿದ್ದೀವಾ?

ಲೆಕ್ಕದ ಬುಡ ನೋಡಿದರೆ ಇನ್ನೂ ತಮಾಷೆ. ಕೆಲವು ಕಡೆ, ಈ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದರೆ ವರ್ಷಕ್ಕೆ ಎಷ್ಟು ಬರುತ್ತಿತ್ತು ಅಂತ ಅಂದಾಜು ಮಾಡಿ ಅದರ ಮೇಲೆ ಕಂದಾಯ ಹಾಕುತ್ತಾರೆ. ಒಳಗೆ ಇರುವವರು ನಾವೇ, ಬಾಡಿಗೆ ಕೊಡುವವರು ಯಾರೂ ಇಲ್ಲ. ಕಾಗದದ ಮೇಲೆ ಮಾತ್ರ ನಮ್ಮ ಮನೆಗೆ ನಾವೇ ಬಾಡಿಗೆದಾರರು. ಇಂಗ್ಲೆಂಡಿನಲ್ಲಿ 1991ರ ಏಪ್ರಿಲ್ 1ರಂದು ಮನೆಗೆ ಎಷ್ಟು ಬೆಲೆ ಬರುತ್ತಿತ್ತು ಅನ್ನುವುದರ ಮೇಲೆ ಕೌನ್ಸಿಲ್ ಟ್ಯಾಕ್ಸಿನ, ಅಂದರೆ ಅಲ್ಲಿನ ಮನೆ ಕಂದಾಯದ, ದರ್ಜೆ ನಿಂತಿದೆ. ಈಚೆಗೆ ಕಟ್ಟಿದ ಮನೆಗೂ ಅದೇ ದಿನಾಂಕ. ಅಂದರೆ ಆಗ ಇಲ್ಲದೇ ಇದ್ದ ಮನೆ, ಆಗ ಇದ್ದಿದ್ದರೆ ಎಷ್ಟಕ್ಕೆ ಹೋಗುತ್ತಿತ್ತು ಅಂತ ಕೂತು ಯೋಚಿಸಬೇಕು! ಆದರೂ ಅವರ ಬಿಲ್ಲಿನ ಒಂದು ಗುಣ ಒಪ್ಪಲೇಬೇಕು. ಪೊಲೀಸರಿಗೆ ಎಷ್ಟು, ಅಗ್ನಿಶಾಮಕ ದಳಕ್ಕೆ ಎಷ್ಟು, ಯಾವುದು ಹೋದ ವರ್ಷಕ್ಕಿಂತ ಶೇಕಡಾ ಎಷ್ಟು ಏರಿದೆ ಅಂತ ಬಿಡಿಸಿ ಹಾಕಿರುತ್ತಾರೆ.

ಕಂದಾಯ ಎಲ್ಲರಿಗೂ ಅರ್ಥವಾಗುವ ಹಾಗೆ ಇದ್ದ ಕಾಲವೂ ಒಂದಿತ್ತು. ಅದೇ ಇಂಗ್ಲೆಂಡಿನಲ್ಲಿ 1662ರಲ್ಲಿ ಒಲೆಗಳ ಮೇಲೆ ತೆರಿಗೆ ಬಂತು. ಒಂದು ಒಲೆಗೆ ವರ್ಷಕ್ಕೆ ಎರಡು ಶಿಲಿಂಗ್. ಇದಕ್ಕಿಂತ ಸರಳ ಲೆಕ್ಕ ಇರಲಾರದು. ಆದರೆ ಒಲೆ ಎಣಿಸಲು ಅಧಿಕಾರಿ ಮನೆಯೊಳಗೇ ಬರಬೇಕಿತ್ತು. ಜನ ರೇಗಿದರು. 1689ರಲ್ಲಿ ಅದು ಹೋಯಿತು. 1696ರಲ್ಲಿ ಕಿಟಕಿ ತೆರಿಗೆ ಬಂತು. ಈಗ ಯಾರೂ ಒಳಗೆ ಬರುವ ಹಾಗಿಲ್ಲ, ಬೀದಿಯಲ್ಲೇ ನಿಂತು ಎಣಿಸಿದರೆ ಸಾಕು. ಬೇಕಿದ್ದರೆ ಪಕ್ಕದ ಮನೆಯವರ ಲೆಕ್ಕವನ್ನೂ ನಾವೇ ಹಾಕಬಹುದು. ಪಾರದರ್ಶಕ ಅಂದರೆ ಇದು, ಅಲ್ವಾ? ಜನ ಏನು ಮಾಡಿದರು ಗೊತ್ತಾ, ಕಿಟಕಿಗೆ ಇಟ್ಟಿಗೆ ಕಟ್ಟಿ ಮುಚ್ಚಿದರು. ಮನೆಯೊಳಗೆ ಗಾಳಿ ಇಲ್ಲ, ಬೆಳಕಿಲ್ಲ, ತೆರಿಗೆ ಮಾತ್ರ ಕಮ್ಮಿ. 1851ರವರೆಗೂ ಇದು ನಡೆಯಿತು. ಹೀಗೆ ಮುಚ್ಚಿದ ಕಿಟಕಿಗಳು ಅಲ್ಲಿನ ಹಳೆಯ ಕಟ್ಟಡಗಳಲ್ಲಿ ಇವತ್ತಿಗೂ ಇವೆ. ಹಾಗಾಗಿ ಲೆಕ್ಕವನ್ನು ಇನ್ನೂ ಸುಲಭ ಮಾಡಿ ಅಂತ ಕೇಳಲು ನನಗೆ ಸ್ವಲ್ಪ ಭಯ. ಲೆಕ್ಕ ಕಷ್ಟದ್ದೇ ಇರಲಿ, ಅದು ಹೇಗಾಯಿತು ಅಂತ ಹೇಳಿದರೆ ಸಾಕು.

ಹೇಳದೇ ಇದ್ದರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಪುಟ್ಟ ಲೆಕ್ಕ ಹಾಕೋಣ. ಊರಿನಲ್ಲಿ ಹತ್ತು ಮನೆ, ಹತ್ತಕ್ಕೂ ಒಂದೇ ಬೆಲೆ. ಊರಿನ ಖರ್ಚು ವರ್ಷಕ್ಕೆ ಸಾವಿರ. ತಲಾ ನೂರು ಬಂತು. ಮುಂದಿನ ವರ್ಷ ಎಲ್ಲ ಮನೆಗಳ ಬೆಲೆಯೂ ಎರಡರಷ್ಟಾಯಿತು. ಖರ್ಚು ಅದೇ ಸಾವಿರ. ಆಗ ಎಷ್ಟು ಕಟ್ಟಬೇಕು? ಇನ್ನೂರು ಅಂತ ಹೆದರುವವರೇ ಜಾಸ್ತಿ. ಆದರೆ ಅದೇ ನೂರು ಸಾಕು, ಯಾಕೆಂದರೆ ಯಾರ ಪಾಲೂ ಬದಲಾಗಿಲ್ಲ. ನನ್ನ ಮನೆಯ ಬೆಲೆ ಮಾತ್ರ ಎರಡರಷ್ಟಾದರೆ ಆಗ ನನ್ನ ಪಾಲು ಏರುತ್ತದೆ. ಆದರೂ ಇನ್ನೂರಾಗುವುದಿಲ್ಲ, ಸುಮಾರು 182 ಆಗುತ್ತದೆ. ಉಳಿದವರದು 91ಕ್ಕೆ ಇಳಿಯುತ್ತದೆ. ಅವರು ಖುಷಿಯಾಗಿರುತ್ತಾರೆ, ಯಾಕೆ ಇಳಿಯಿತು ಅಂತ ಕೇಳುವುದಿಲ್ಲ.

ಇದು ನಡೆಯುವುದು ಬೆಲೆ ಏರಿದಷ್ಟು ಕಂದಾಯದ ದರ ಇಳಿಸಿದರೆ ಮಾತ್ರ. ದರ ಇದ್ದ ಹಾಗೇ ಇದ್ದರೆ? ಎಲ್ಲರದೂ ಇನ್ನೂರಾಯಿತು, ಊರಿಗೆ ಎರಡು ಸಾವಿರ ಬಂತು. ಸಭೆಯಲ್ಲಿ ಎದ್ದು ನಿಂತವರು "ನಾವು ದರ ಒಂದು ಪೈಸೆಯೂ ಏರಿಸಿಲ್ಲ" ಅಂತ ಎದೆ ತಟ್ಟಿಕೊಂಡು ಹೇಳಬಹುದು. ಅವರು ಹೇಳುವುದರಲ್ಲಿ ಸುಳ್ಳೇನೂ ಇಲ್ಲ. ಬಿಲ್ಲು ಹಿಡಿದವನು ಕೈಯಲ್ಲಿರುವುದನ್ನು ನಂಬಬೇಕಾ, ಕಿವಿಗೆ ಬಿದ್ದದ್ದನ್ನು ನಂಬಬೇಕಾ ಅಂತ ತಿಳಿಯದೆ ನಿಲ್ಲುತ್ತಾನೆ.

ಅಮೆರಿಕದ ಯೂಟಾ ರಾಜ್ಯ 1985ರಲ್ಲಿ ಈ ಆಟಕ್ಕೆ ಒಂದು ಕಡಿವಾಣ ಹಾಕಿತು. ಅಲ್ಲಿ ಬೆಲೆ ಏರಿದರೆ ದರ ತಾನಾಗಿಯೇ ಇಳಿಯುತ್ತದೆ. ಹೊಸದಾಗಿ ಕಟ್ಟಿದ ಮನೆಗಳಿಂದ ಬರುವುದನ್ನು ಬಿಟ್ಟರೆ, ಊರಿಗೆ ಹೋದ ವರ್ಷದಷ್ಟೇ ಹಣ. ಅದಕ್ಕಿಂತ ಜಾಸ್ತಿ ಬೇಕೆಂದರೆ ಪ್ರತಿ ಮನೆಗೂ ನೋಟಿಸು ಹೋಗಬೇಕು. ಏರಿಸದಿದ್ದರೆ ನಿಮಗೆ ಇಷ್ಟು, ಏರಿಸಿದರೆ ಇಷ್ಟು, ಕೇಳುವುದಿದ್ದರೆ ಇಂಥ ದಿನ ಇಂಥ ಜಾಗಕ್ಕೆ ಬನ್ನಿ ಅಂತ. ಫ್ಲೋರಿಡಾದಲ್ಲೂ ಹೀಗೇ ಬಿಲ್ಲಿಗಿಂತ ಮುಂಚೆ ನೋಟಿಸು ಬರುತ್ತದೆ. ಕ್ಯಾಲಿಫೋರ್ನಿಯಾದವರು 1978ರಲ್ಲಿ ಇನ್ನೊಂದು ದಾರಿ ಹಿಡಿದರು. ಮನೆ ಮಾರುವವರೆಗೆ ತೆರಿಗೆ ಲೆಕ್ಕದ ಬೆಲೆ ವರ್ಷಕ್ಕೆ ಶೇಕಡಾ 2ಕ್ಕಿಂತ ಜಾಸ್ತಿ ಏರುವ ಹಾಗಿಲ್ಲ. ಮುಂದಿನ ವರ್ಷದ್ದು ಈಗಲೇ ಗೊತ್ತು, ನೆಮ್ಮದಿ. ಆದರೆ ಒಂದೇ ಥರದ ಎರಡು ಮನೆ ಅಕ್ಕಪಕ್ಕ ಇದ್ದರೆ, ಹಳಬರು ಕಟ್ಟುವುದಕ್ಕಿಂತ ಈಗ ಕೊಂಡವರು ಎಷ್ಟೋ ಪಾಲು ಜಾಸ್ತಿ ಕಟ್ಟುತ್ತಿರಬಹುದು. ಅಲ್ಲಿ ಬಿಲ್ಲು ಅರ್ಥವಾಗುತ್ತದೆ, ಅರ್ಥವಾಗುವುದೇ ತೊಂದರೆ.

ನನ್ನ ಓಟು ಯೂಟಾದ ಕಡೆಗೆ. ಅದಕ್ಕೆ ಇನ್ನೆರಡು ಸಾಲು ಸೇರಿಸಲಿ. ಈ ಸಲ ಏರಿದ್ದರಲ್ಲಿ ಊರಿನ ಖರ್ಚು ಏರಿದ್ದರಿಂದ ಇಷ್ಟು, ನಿಮ್ಮ ಮನೆಯ ಬೆಲೆ ಉಳಿದವರದಕ್ಕಿಂತ ಜಾಸ್ತಿ ಏರಿದ್ದರಿಂದ ಇಷ್ಟು ಅಂತ. ಮನೆಯ ಅಳತೆ ತಪ್ಪಿದೆ, ಇಲ್ಲದ ಮಹಡಿ ಲೆಕ್ಕಕ್ಕೆ ಬಂದಿದೆ ಅನ್ನುವವರು ಆಕ್ಷೇಪಣೆ ಕೊಡಲು ಒಂದು ಕೊನೆಯ ದಿನ ಇರುತ್ತದೆ. ಅದನ್ನು ಹುಡುಕಲು ಭೂತಗನ್ನಡಿ ಬೇಕು. ಹಣ ಕಟ್ಟುವ ಕೊನೆಯ ದಿನವನ್ನು ಯಾವ ದಪ್ಪ ಅಕ್ಷರದಲ್ಲಿ ಹಾಕುತ್ತಾರೋ, ಇದನ್ನೂ ಅದೇ ಅಕ್ಷರದಲ್ಲಿ ಹಾಕಲಿ. ಹೆಚ್ಚಾದ ಮಸಿಯ ಖರ್ಚನ್ನು ಬೇಕಾದರೆ ಒಟ್ಟು ಮೊತ್ತಕ್ಕೆ ಸೇರಿಸಲಿ.