ಭಾವನವರ ಬಿಲ್ಲೆಗಳು

ಊಟಕ್ಕೆ ಕರೆದವರು ಮೊದಲು ಬಡಿಸಬೇಕು. ನ್ಯೂಜೆರ್ಸಿಯಲ್ಲಿರುವ ನನ್ನ ಭಾವನವರ ಪದ್ಧತಿಯೇ ಬೇರೆ. ಸಾರು ಆರುತ್ತಿದ್ದರೂ ಗಾಜಿನ ಮುಚ್ಚಳದ ಪೆಟ್ಟಿಗೆಯೊಂದನ್ನು ತಂದಿಟ್ಟು, ‘ಕೈ ತೊಳೆದಿದ್ದೀಯಲ್ಲ?’ ಎನ್ನುತ್ತಾರೆ. ಊಟಕ್ಕಲ್ಲ, ಬಿಲ್ಲೆ ಮುಟ್ಟುವುದಕ್ಕೆ. ಚುನಾವಣೆ ಬಂದಾಗ ಬೆಂಬಲಿಗರು ಎದೆಗೆ ಚುಚ್ಚಿಕೊಳ್ಳುವ ಪ್ರಚಾರದ ಬಿಲ್ಲೆ.

ಅಮೆರಿಕದ ಅಧ್ಯಕ್ಷರಾಗಲು ಹೊರಟವರೆಲ್ಲ ಅದರೊಳಗೆ ಸಾಲಾಗಿ ಕುಳಿತಿದ್ದಾರೆ. 1896ರ ಮೆಕಿನ್ಲಿ ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡವರು. ಮೇಲೆ ಹೊದಿಸಿದ ಸೆಲ್ಯುಲಾಯ್ಡ್ ಎಂಬ ಪಾರದರ್ಶಕ ಹಾಳೆಯ ಅಡಿಗೆ ನೀರಿಳಿದು ಕೆನ್ನೆಯ ಮೇಲೆ ಕಂದು ಕಲೆ. ಮಗುಚಿದರೆ ತುಕ್ಕು ಹಿಡಿದ ತಂತಿ, ನ್ಯೂವಾರ್ಕ್‌ನ ವೈಟ್‌ಹೆಡ್ ಅಂಡ್ ಹೋಗ್ ಕಂಪನಿಯ ಹೆಸರಿನ ಕಾಗದದ ಚೂರು. ನಾನು ‘ಐ ಲೈಕ್ ಐಕ್’ ಕಡೆಗೆ ಕೈ ಚಾಚಿದೆ. ‘ಅದನ್ನು ಬಿಡು, ಎಲ್ಲರ ಹತ್ತಿರವೂ ಇದೆ’ ಎಂದರು. ಎರಡು ಸಲ ಗೆದ್ದ ಐಸೆನ್‌ಹೋವರ್‌ಗೆ ಸಿಕ್ಕ ಮರ್ಯಾದೆ ಅಷ್ಟೇ. 1920ರಲ್ಲಿ ನೆಲಕಚ್ಚಿದ ಜೇಮ್ಸ್ ಕಾಕ್ಸ್, ಅವರ ಜೊತೆ ಉಪಾಧ್ಯಕ್ಷ ಸ್ಥಾನಕ್ಕೆ ನಿಂತು ಸೋತ ಫ್ರಾಂಕ್ಲಿನ್ ರೂಸ್‌ವೆಲ್ಟ್, ಇಬ್ಬರ ಮುಖವೂ ಇರುವ ಬಿಲ್ಲೆ ಹರಾಜಿನಲ್ಲಿ ಲಕ್ಷ ಡಾಲರ್ ದಾಟಿದೆಯಂತೆ. ಭಾವನವರ ಬಳಿ ಅದರ ಫೋಟೊ ಇದೆ. ಅದಕ್ಕೂ ಚೌಕಟ್ಟು ಹಾಕಿಸಿದ್ದಾರೆ.

ಅಲ್ಲಿಂದ ಮಾತು 1940ಕ್ಕೆ ಹಾರಿತು. ಹಾರಿದ್ದು ಇಳಿಯಲೇ ಇಲ್ಲ. ಅದೇ ರೂಸ್‌ವೆಲ್ಟ್ ಅಷ್ಟರಲ್ಲಿ ಎರಡು ಅವಧಿ ಮುಗಿಸಿ ಮೂರನೆಯದಕ್ಕೆ ನಿಂತಿದ್ದರು. ಎದುರಾಳಿ ವೆಂಡೆಲ್ ವಿಲ್ಕಿ, ವಿದ್ಯುತ್ ಕಂಪನಿ ನಡೆಸಿದವರು, ಅದುವರೆಗೆ ಯಾವ ಚುನಾವಣೆಯನ್ನೂ ಗೆದ್ದವರಲ್ಲ. ಅವರ ಕಡೆಯವರಿಗೆ ಭಾಷಣಕ್ಕಿಂತ ಬಿಲ್ಲೆಯ ಮೇಲೇ ಭರವಸೆ. ‘ಮೂರನೆಯ ಅವಧಿ ಬೇಡ’ ಎಂದರು. ಸರಿ, ಅದು ರಾಜಕೀಯ. ‘ರೂಸ್‌ವೆಲ್ಟ್ ಮಾಜಿ ಅಧ್ಯಕ್ಷರಾಗಲಿ’ ಎಂದರು. ಅದರಲ್ಲಿ ಚುರುಕಿದೆ, ಒಪ್ಪೋಣ. ಆಮೇಲೆ ‘ನಮಗೆ ಎಲೀನರ್ ಕೂಡ ಬೇಡ’ ಎಂದು ಅಚ್ಚು ಹಾಕಿಸಿದರು. ಆಕೆ ನಿಂತಿದ್ದರೆ ತಾನೇ ಬೇಡವೆನ್ನುವುದು? ಗಂಡನನ್ನು ಸೋಲಿಸಲು ಹೆಂಡತಿಯ ಹೆಸರನ್ನು ಕೋಟಿಗೆ ಚುಚ್ಚಿಕೊಂಡು ಬೀದಿ ಸುತ್ತಿದವರನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಭಾವನವರಿಗೆ ಉರಿಯುವುದಿಲ್ಲ. ಅದರ ಎರಡು ಪ್ರತಿಗಳಿವೆ, ಒಂದನ್ನು ಕೊಟ್ಟು ಬೇರೊಂದನ್ನು ಪಡೆಯುವ ಯೋಚನೆಯಲ್ಲಿದ್ದಾರೆ. ಕೊನೆಗೆ 48 ರಾಜ್ಯಗಳಲ್ಲಿ 38 ರೂಸ್‌ವೆಲ್ಟ್ ಪಾಲಾದವು. ಸಾಲದೆಂಬಂತೆ 1942ರಲ್ಲಿ ವಿಲ್ಕಿಯವರೇ ರೂಸ್‌ವೆಲ್ಟ್ ಪ್ರತಿನಿಧಿಯಾಗಿ ವಿಮಾನವೇರಿ ದೇಶದೇಶ ಸುತ್ತಿ ಬಂದರು. ಎದೆಗೆ ಚುಚ್ಚಿಕೊಂಡವರು ಅಂದು ಬಿಲ್ಲೆಯನ್ನು ಯಾವ ಡಬ್ಬಿಯಲ್ಲಿ ಅಡಗಿಸಿದರೋ! ಹಾಗೆ ಅಡಗಿದ್ದೇ ಈಗ ಈ ಮೇಜಿಗೆ ಬಂದು ನನ್ನ ಊಟ ತಪ್ಪಿಸುತ್ತಿದೆ.

ನಕಲಿಗಳ ಕಾಟ ಬೇರೆ. ನಕಲಿನ ಮೇಲೆ ತಯಾರಾದ ವರ್ಷ ಇರಲೇಬೇಕೆಂದು 1973ರಲ್ಲಿ ಕಾನೂನೇ ಬಂದಿದೆ. ಆದರೂ ಭಾವನವರು ಭೂತಗನ್ನಡಿ ಹಿಡಿದು ಒಂದೊಂದರ ಅಂಚನ್ನೂ ತಡವುತ್ತಾರೆ. ಅಕ್ಕನ ಮುಖವನ್ನು ಅಷ್ಟು ಹತ್ತಿರದಿಂದ ನೋಡಿ ಎಷ್ಟು ವರ್ಷವಾಯಿತೋ.

ಇಷ್ಟೆಲ್ಲ ಕೇಳಿದ ಮೇಲೆ ನನಗೂ ಏನೋ ಹೊಳೆದಂತಾಯಿತು. ‘ಅಂದರೆ ಭಾವ, ಬದುಕಿದ್ದಾಗ ಸೋತವರಿಗೇ ಆಮೇಲೆ ಬೆಲೆ, ಅಲ್ಲವೇ?’ ಎಂದೆ. ಅವರು ಹಳದಿ ಬಟ್ಟೆಯ ಸೂರ್ಯಕಾಂತಿಯ ನಡುವೆ ಕೂತ ಆಲ್ಫ್ ಲ್ಯಾಂಡನ್‌ರನ್ನು ನನ್ನ ಅಂಗೈಗೆ ಹಾಕಿದರು. 1936ರಲ್ಲಿ ರೂಸ್‌ವೆಲ್ಟ್ ಎದುರು ನಿಂತು ಗೆದ್ದದ್ದು ಮೇನ್, ವರ್ಮಾಂಟ್ ಎರಡೇ ರಾಜ್ಯ. ಇವರಿಗಿಂತ ಸೋತವರನ್ನು ಎಲ್ಲಿಂದ ತರುವುದು?

‘ಮಾರಲು ಹೋದರೆ ಒಂದು ಕಾಫಿಯ ದುಡ್ಡೂ ಹುಟ್ಟುವುದಿಲ್ಲ,’ ಎಂದರು ಭಾವ. ‘ರಾಶಿ ರಾಶಿ ಮಾಡಿಸಿಬಿಟ್ಟಿದ್ದರು.’