ಬೆನ್ನು ನೋಡುವ ಕ್ಲಿನಿಕ್ ಒಬ್ಬರೇ ನಡೆಸಬಹುದಾ?

ಪರ: ನಡೆಸಬಹುದು

ಪರ ಬರೆಯಲು ಯಾರೂ ಸಿಗಲಿಲ್ಲವಂತೆ, ನನ್ನ ತಲೆಗೆ ಕಟ್ಟಿದರು. ಇರಲಿ. ನಾನು ಕೈರೋಪ್ರಾಕ್ಟರ್ ಅಲ್ಲ, ಅಂದ್ರೆ ಬೆನ್ನು, ಕುತ್ತಿಗೆ ನೋವಿಗೆ ಕೈಯಿಂದಲೇ ಒತ್ತಿ ಚಿಕಿತ್ಸೆ ಕೊಡುವವಳಲ್ಲ, ಮಂಗಳೂರಿನಲ್ಲಿ ಅಂಥ ಒಬ್ಬರ ಹತ್ತಿರ ಸೊಂಟ ತೋರಿಸುವವಳು. ದೊಡ್ಡ ಆಸ್ಪತ್ರೆಗೆ ಹೋದರೆ ಪ್ರತಿ ಸಲ ಬೇರೆ ಮುಖ. ಪ್ರತಿ ಸಲ ಮೊದಲಿಂದ ಕಥೆ ಹೇಳಬೇಕು, ಯಾವಾಗ ಶುರುವಾಯ್ತು, ಎಲ್ಲಿ ಹಿಡಿಯುತ್ತದೆ, ಬಗ್ಗಿದರೆ ನೋವಾ, ಕೂತರೆ ನೋವಾ. ಇಲ್ಲಿ ನಾನು ಒಳಗೆ ಬರುವುದನ್ನು ನೋಡಿಯೇ "ಏನಕ್ಕ, ಮತ್ತೆ ಗ್ಯಾಸ್ ಸಿಲಿಂಡರ್ ಎಳೆದ್ರಾ?" ಎನ್ನುತ್ತಾರೆ. ಅದೇ ಕೈ, ಅದೇ ನೆನಪು. ಇನ್ನೇನು ಬೇಕು?

ಖರ್ಚೂ ಕಡಿಮೆ ಅಲ್ವಾ? ಒಂದು ಕೋಣೆ, ಒಂದು ಟೇಬಲ್. 1895ರಲ್ಲಿ ಅಮೆರಿಕದ ಡೇವನ್‌ಪೋರ್ಟ್‌ನಲ್ಲಿ ಡಿ. ಡಿ. ಪಾಮರ್ ಈ ಕೈರೋಪ್ರಾಕ್ಟಿಕ್ ಚಿಕಿತ್ಸೆ ಶುರು ಮಾಡಿದಾಗ ಎಕ್ಸ್‌ರೇ ಕೂಡ ಬಂದಿರಲಿಲ್ಲ. ರಜೆ ಸಿಗಲ್ಲ ಅಂತಾರೆ. ಹೋಟೆಲ್ ಇಟ್ಟವರಿಗೆ ಸಿಗುತ್ತದಾ? ಇದಕ್ಕಿಂತ ಜಾಸ್ತಿ ಹೇಳಲು ನನ್ನ ಹತ್ತಿರ ಇಲ್ಲ.

ವಿರೋಧ: ಬೇಡವೇ ಬೇಡ

"ಅದೇ ಕೈ" ಅಂತೆ. ಆ ಕೈಯೇ ಊದಿಕೊಂಡರೆ? ಎಕ್ಸ್‌ರೇ ಇರಲಿಲ್ಲ ಎನ್ನುವುದೂ ಹೆಮ್ಮೆಯ ವಿಷಯವಾ ಮಾರಾಯ್ರೆ!

ಉಡುಪಿಯಲ್ಲಿ ಒಬ್ಬನೇ ಕ್ಲಿನಿಕ್ ಇಟ್ಟು ಬಾಗಿಲು ಹಾಕಿದವನು ನಾನು. ಈ ಕೆಲಸದಲ್ಲಿ ಸವೆಯುವುದು ನಮ್ಮ ಹೆಬ್ಬೆರಳು, ನಮ್ಮ ಮಣಿಕಟ್ಟು, ನಮ್ಮದೇ ಸೊಂಟ. ಅದು ಹಿಡಿದುಕೊಂಡ ದಿನ ದುಡಿಮೆ ಇಲ್ಲ, ಬಾಡಿಗೆ ಮಾತ್ರ ತಪ್ಪುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಬೋಟುಗಳೆಲ್ಲ ಮಲ್ಪೆ ಬಂದರಿನಲ್ಲಿ. ನನ್ನ ಹತ್ತಿರ ಬರುತ್ತಿದ್ದವರಲ್ಲಿ ಬೋಟಿನವರೇ ಜಾಸ್ತಿ. ಸೊಂಟಕ್ಕೂ ರಜೆ, ಕಿಸೆಯೂ ಖಾಲಿ, ಆ ಮಳೆಯಲ್ಲಿ ಯಾರು ಬರುತ್ತಾರೆ?

ನಮ್ಮ ದೇಶದಲ್ಲಿ ಕೈರೋಪ್ರಾಕ್ಟಿಕ್‌ಗೆ ಅಂತಲೇ ಒಂದು ಸರ್ಕಾರಿ ಕೌನ್ಸಿಲ್ ಇಲ್ಲ. ಹಾಗಾಗಿ "ನೀವು ಡಾಕ್ಟ್ರಾ, ಉಳುಕು ತೆಗೆಯುವವರಾ?" ಎಂದು ಕೇಳಿದ ಪ್ರತಿಯೊಬ್ಬರಿಗೂ ನಾನೇ ಉತ್ತರ ಕೊಡಬೇಕು. ಅದಕ್ಕಿಂತ ದೊಡ್ಡ ತಲೆಬಿಸಿ ಬೇರೆ ಇದೆ. ಸೊಂಟನೋವು ಎಂದು ಬಂದವರು ತೊಡೆಸಂದು ಮರಗಟ್ಟಿದೆ, ಮೂತ್ರ ಹಿಡಿತಕ್ಕೆ ಸಿಗುತ್ತಿಲ್ಲ ಎಂದರೆ ಮುಟ್ಟಲೇಬಾರದು, ತಕ್ಷಣ ಆಸ್ಪತ್ರೆಗೆ ಕಳಿಸಬೇಕು. ಅದು ಸುಲಭ. ಕಷ್ಟ ಇರುವುದು ಅರ್ಧಂಬರ್ಧ ಅನುಮಾನದಲ್ಲಿ. ಅಜ್ಜಿಯ ಮೂಳೆ ಈ ಒತ್ತಡ ತಡೆಯುತ್ತದಾ, ಈ ತಲೆಸುತ್ತು ಕುತ್ತಿಗೆಯದ್ದೇನಾ? ಪಕ್ಕದ ಕೋಣೆಗೆ ಹೋಗಿ "ಸ್ವಲ್ಪ ನೋಡ್ತೀರಾ" ಎನ್ನಲು ಪಕ್ಕದ ಕೋಣೆಯೇ ಇಲ್ಲ.

ಇನ್ನು ರಜೆ. ಅಮ್ಮನ ಬೊಜ್ಜದ ದಿನ, ಅಂದರೆ ಉತ್ತರಕ್ರಿಯೆಯ ದಿನ, ಕ್ಲಿನಿಕ್ ಬಾಗಿಲಿಗೆ ಚೀಟಿ ಅಂಟಿಸಿ ಊರಿಗೆ ಹೋಗಿದ್ದೆ. ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಫೋನ್. ಕುತ್ತಿಗೆ ಹಿಡಿದಿದೆಯಂತೆ, ತಿರುಗಿಸಲು ಆಗುವುದಿಲ್ಲವಂತೆ. ಇವತ್ತು ಅಮ್ಮನ ಬೊಜ್ಜ ಎಂದೆ. "ಅಯ್ಯೋ, ಗೊತ್ತಿರಲಿಲ್ಲ" ಎಂದು ಸ್ವಲ್ಪ ಸುಮ್ಮನಿದ್ದು, "ಹಾಗಾದ್ರೆ ಊಟ ಮುಗಿಸಿ ಬರ್ತೀರಾ?" ಎಂದರು. ನಾನು ಹೋದೆ! ನೆಂಟರು ಇನ್ನೂ ಪಾಯಸ ಕುಡಿಯುತ್ತಿದ್ದರು, ನಾನು ಬಸ್‌ಸ್ಟ್ಯಾಂಡಿನಲ್ಲಿ. ಅಣ್ಣ ಈಗಲೂ ಮನೆಗೆ ಯಾರೇ ಬರಲಿ ಈ ಕಥೆ ಹೇಳಿ ನನ್ನನ್ನು ಹಂಗಿಸುತ್ತಾನೆ. ಆ ರೋಗಿಯ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೆ ಗೊತ್ತಿದ್ದದ್ದು ನಾನೊಬ್ಬನೇ.

ಈಗ ನಾಲ್ಕು ಜನರ ಜೊತೆ ಕೆಲಸ. ಕೈಗೆ ಬರುವುದು ಕಡಿಮೆಯಾಗಿದೆ, ನಿಜ. ಆದರೆ ಭಾನುವಾರ ಫೋನ್ ಬಂದರೆ ಬೇರೆಯವರ ನಂಬರ್ ಕೊಟ್ಟು ಮಲಗುತ್ತೇನೆ.