ಕೂಲರ್ ಹುಲ್ಲಿಗೂ ಕಟ್ಟಿದ ಮೂಗಿಗೂ

ಮುಂಬೈ ಮಳೆಗಾಲದ ಬೂಷ್ಟಿನ ಬಗ್ಗೆ ಹೇಳಿದರೆ ನಮ್ಮ ರಾಯಚೂರಿನವರು ನಂಬುವುದಿಲ್ಲ. ಬೀರುವಿನಲ್ಲಿಟ್ಟ ಚರ್ಮದ ಬೆಲ್ಟಿನ ಮೇಲೂ ಬೂದಿ ಉದುರಿಸಿದ ಹಾಗೆ ಬಿಳಿ ಪದರ. ಬಾತ್‌ರೂಮಿಗೆ ಅಂಟಿದ ಗೋಡೆಯಲ್ಲಿ ಕಪ್ಪು ಚುಕ್ಕೆ. ಆ ಬೂಷ್ಟಿನ ಕಣಗಳು ಗಾಳಿಗೆ ಸೇರುತ್ತವೆ. ಅಲರ್ಜಿ ಇದ್ದವರಿಗೆ ಮೂಗಿನ ಒಳಪೊರೆ ಊದಿಕೊಂಡು ಸೈನಸ್‌ನ (ಹಣೆ, ಕೆನ್ನೆಯ ಮೂಳೆಯೊಳಗಿನ ಗಾಳಿಗೂಡು) ಸಣ್ಣ ದಾರಿ ಮುಚ್ಚುತ್ತದೆ. ಹಣೆ ಭಾರ, ಕೆನ್ನೆ ನೋವು, ಕೆಲವರಿಗೆ ವಾಸನೆಯೂ ಗೊತ್ತಾಗುವುದಿಲ್ಲ.

ಇದಕ್ಕೆ ಇಲ್ಲಿ ನಾನು ಕಂಡ ಮದ್ದು ಒಂದೇ, ಬಣ್ಣ. ದೀಪಾವಳಿಗೆ ಮೊದಲು ಪುಟ್ಟಿ ಹಚ್ಚಿ ಪೇಂಟ್ ಹೊಡೆಸಿದರೆ ಓನರ್ ಕೆಲಸ ಮುಗೀತು. ಒಳಗಿನ ಪೈಪ್ ಸೋರುತ್ತಲೇ ಇರುತ್ತದೆ. ಮುಂದಿನ ಮಳೆಗೆ ಅದೇ ಜಾಗದಲ್ಲಿ ಪೇಂಟ್ ಉಬ್ಬುತ್ತದೆ.

ಊರಲ್ಲಿ ಹಾಗಲ್ಲ. ಮಾಳಿಗೆ ಮೇಲೆ ಕೌದಿ, ಹಾಸಿಗೆ ಎಲ್ಲ ಬಿಸಿಲಿಗೆ ಬೀಳುತ್ತಿದ್ದವು. ಗವಾಕ್ಷಿಯಿಂದ ಗಾಳಿ ಆಡುತ್ತಿತ್ತು. ಬೂಷ್ಟಿಗೆ ಹೆದರಿ ಯಾರೂ ಮಾಡಿದ್ದಲ್ಲ ಬಿಡಿ, ಬಿಸಿಲು ಪುಕ್ಕಟೆ ಇತ್ತು. ಆದರೂ ನನ್ನ ಮತ ಆ ಕಡೆಗೇ.

ಹಾಗಂತ ನಮ್ಮವರು ಬೀಗಬೇಕಿಲ್ಲ. 'ನಿಮ್ ಮುಂಬೈ ಹವಾನೇ ಸರಿ ಇಲ್ಲ ನೋಡಪ್ಪಾ' ಎನ್ನುವ ನಮ್ಮತ್ತೆಯ ಮನೆಯ ಕೂಲರ್ ಬಿಚ್ಚಿ ನೋಡಿ. ಹೋದ ವರ್ಷದ ಹುಲ್ಲು ಕಪ್ಪಾಗಿ ಜಾಲರಿಗೆ ಅಂಟಿದೆ. ತೊಟ್ಟಿಯ ತಳದಲ್ಲಿ ಲೋಳೆ. ಬಿಸಿಲು 40 ಡಿಗ್ರಿ ದಾಟಿತೆಂದು ಕಿಟಕಿ ಬಾಗಿಲು ಬಿಗಿಯಾಗಿ ಮುಚ್ಚಿ, ಇದನ್ನೇ ರಾತ್ರಿಯಿಡೀ ಮುಖಕ್ಕೆ ಹಿಡಿದುಕೊಂಡು ಮಲಗುತ್ತಾರೆ. ಕೂಲರ್ ಇದ್ದಾಗ ಒಂದು ಕಿಟಕಿ ತೆರೆದಿರಬೇಕು, ಇಲ್ಲದಿದ್ದರೆ ತೇವ ಹೊರಗೆ ಹೋಗುವುದೆಲ್ಲಿಂದ? ಸ್ವಿಚ್ ಹಾಕಿದ ಕೂಡಲೇ ಮುಗ್ಗಲು ವಾಸನೆ ಬಂದರೆ ಹುಲ್ಲು ಬದಲಿಸಿ, ತೊಟ್ಟಿ ತಿಕ್ಕಿ ಒಣಗಿಸಿ. ಸೆಂಟಿನ ನೀರು ಹಾಕುವುದು ಮುಂಬೈ ಪೇಂಟಿನದ್ದೇ ಬುದ್ಧಿ.

ಇನ್ನು ಮೂಗು ಕಟ್ಟಿದಾಗಲೆಲ್ಲ ಮೆಡಿಕಲ್ ಶಾಪಿನಿಂದ ಆಂಟಿಬಯೋಟಿಕ್ ತಂದು ನುಂಗುವ ಚಟ ಎರಡೂ ಕಡೆ ಇದೆ. ಅದು ಬ್ಯಾಕ್ಟೀರಿಯಾಕ್ಕೆ ಮದ್ದು, ಬೂಷ್ಟಿಗಲ್ಲ, ಅಂದರೆ ಫಂಗಸ್‌ಗಲ್ಲ. ಮೂರು ತಿಂಗಳಾದರೂ ಬಿಡದಿದ್ದರೆ ಇಎನ್‌ಟಿ ಡಾಕ್ಟರ್ ಮೂಗಿನೊಳಗೆ ನೋಡಲೇಬೇಕು. ಫಂಗಸ್ ಅಲರ್ಜಿ ಜಾಸ್ತಿಯಾಗಿ ಸೈನಸ್‌ನಲ್ಲಿ ಗಟ್ಟಿ ಅಂಟು ತುಂಬಿದ್ದರೆ ಆಪರೇಷನ್ ಮಾಡಿ ತೆಗೆಯಬೇಕಾಗುತ್ತದೆ.

ಗೋಡೆಯ ಕಪ್ಪು ಕಂಡು 2021ರ ಬ್ಲ್ಯಾಕ್ ಫಂಗಸ್ ಎಂದು ಗಾಬರಿ ಬೇಡ, ಅದು ಬೇರೆಯದೇ ರೋಗ. ಆದರೆ ಸಕ್ಕರೆ ಕಾಯಿಲೆ ಇದ್ದವರಿಗೆ ಕೆನ್ನೆ ಜೋಮು ಹಿಡಿದು ಕಣ್ಣು ಊದಿಕೊಂಡರೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.